ಗುಡ್ಡದಿಂದ ಓಡಿ ಇಳಿದೆ, ಈಗ ಮನೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಮಸಾಜ್ ಮಾಡಿಸಲಾ?

ಕೋಡಿಬಾಗ_ಓಟ | ಮಂಗಳವಾರ ರಾತ್ರಿ

ಕಾರವಾರದಿಂದ ಬರೆಯುತ್ತಿದ್ದೇನೆ. ವಯಸ್ಸು 34, ದಿನವಿಡೀ ಕುರ್ಚಿ ಮೇಲಿನ ಕೆಲಸ. ಮೂರ್ನಾಲ್ಕು ವರ್ಷದಿಂದ ಬೆಳಿಗ್ಗೆ ಓಡುವ ಅಭ್ಯಾಸ ಇದೆ. ಮೊದಲು ಕಾಳಿ ಸೇತುವೆ ದಾಟಿ ಸದಾಶಿವಗಡ ಮುಟ್ಟಿ ವಾಪಸ್ ಬರುತ್ತಿದ್ದೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದು ಹೊಳೆಗೆ ಬಿತ್ತಲ್ಲ, ಆಮೇಲೆ ಉಳಿದ ಸೇತುವೆಯಲ್ಲಿ ಲಾರಿಗಳ ಪಕ್ಕ ಓಡಲು ಮನಸ್ಸಾಗಲಿಲ್ಲ. ಟ್ಯಾಗೋರ್ ಬೀಚಿನಲ್ಲೇ ಆ ತುದಿ ಈ ತುದಿ ಅಂತ ಓಡಿಕೊಂಡಿದ್ದೆ. ಸಪಾಟು ಮರಳು. ಎಂಟು ಕಿಲೋಮೀಟರ್ ಓಡಿದರೂ ಏನೂ ಅನಿಸುತ್ತಿರಲಿಲ್ಲ.

ಮೊನ್ನೆ ಭಾನುವಾರ ಗೆಳೆಯರು ಗುಡ್ಡಳ್ಳಿಗೆ ಎಳೆದುಕೊಂಡು ಹೋದರು. ಹತ್ತುವಾಗ ನಡೆದೇ ಹತ್ತಿದೆವು. ಇಳಿಯುವಾಗ ನನಗೆ ಹುಮ್ಮಸ್ಸು ಬಂತು, ಪೂರ್ತಿ ಓಡಿಕೊಂಡೇ ಇಳಿದೆ. ಕೆಳಗೆ ಬಂದು ಸೋಡಾ ಕುಡಿದು ಎಲ್ಲರನ್ನೂ ನಗಿಸುತ್ತಾ ಕುಳಿತಿದ್ದೆ, ಒಂದು ಚೂರೂ ನೋವಿರಲಿಲ್ಲ. ಸೋಮವಾರ ಬೆಳಿಗ್ಗೆ ತೊಡೆ ಸ್ವಲ್ಪ ಬಿಗಿ. ಇವತ್ತು ನೋಡಿದರೆ ಮೆಟ್ಟಿಲು ಇಳಿಯಬೇಕಾದರೆ ಕಂಬಿ ಹಿಡಿದು ಹಿಂದುಮುಂದಾಗಿ ಇಳಿಯುತ್ತಿದ್ದೇನೆ. ಹತ್ತಲು ಅಷ್ಟು ಕಷ್ಟ ಇಲ್ಲ, ಇಳಿಯಲು ಮಾತ್ರ ಪ್ರಾಣ ಹೋಗುತ್ತದೆ. ನಮ್ಮ ಮನೆಯಲ್ಲಿ ಇರುವುದು ಕುಕ್ಕರುಗಾಲಲ್ಲಿ ಕೂರುವ ಸಂಡಾಸು. ಹೆಚ್ಚಿಗೆ ಹೇಳಬೇಕಾಗಿಲ್ಲ ಅಲ್ವಾ.

ಈಗ ಮೂರು ಜನ ಮೂರು ಮಾತು ಹೇಳಿದ್ದಾರೆ. ಜಿಮ್ಮಿಗೆ ಹೋಗುವ ಗೆಳೆಯ, ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿದೆ, ಡೀಪ್ ಟಿಶ್ಯೂ ಮಸಾಜ್ ಮಾಡಿಸಿ ಹಿಂಡಿ ತೆಗೆಸಬೇಕು ಎನ್ನುತ್ತಾನೆ. ಅವನು ಹೇಳಿದ ಕಡೆ ಗಂಟೆಗೆ 1500 ರೂಪಾಯಿ ಕೇಳಿದರು. ಆಫೀಸಿನವರೊಬ್ಬರು ಬ್ರೂಫೆನ್ ನುಂಗು, ಮುಗೀತು ಅಂದರು. ಆಯಿ ಮಾತ್ರ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಿಡಿದುಕೊಂಡು ನಿಂತಿದ್ದಾಳೆ.

ನನ್ನ ಪ್ರಶ್ನೆ ಇಷ್ಟೇ: ವ್ಯಾಯಾಮದ ಮೇಲೆ ಬರುವ ಇಂಥ ನೋವಿಗೆ ಮಸಾಜ್‌ನಿಂದ ನಿಜವಾಗಿ ಉಪಯೋಗ ಇದೆಯಾ, ಇಲ್ಲ ಸುಮ್ನೆ ಹಿತ ಅನಿಸುತ್ತದೆ ಅಷ್ಟೇನಾ? 1500 ಕೊಡಬೇಕಾ ಬೇಡವಾ?


ತೋಟದಮನೆ_ಶಿರಸಿ | ಮಂಗಳವಾರ ರಾತ್ರಿ

ತಮ್ಮಾ, ಆ 1500 ರೂಪಾಯಿ ಕಿಸೆಯಲ್ಲೇ ಇರಲಿ. ಆಯಿ ಹೇಳಿದ್ದು ಕೇಳು.

ನಮ್ಮ ಮನೆಯಲ್ಲಿ ಕೊನೆ ಕೊಯ್ಲಿನ ಸಮಯ ಬಂದು ನೋಡಬೇಕು ನೀನು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಕಾಲಿಗೆ ತಳೆ ಹಾಕಿಕೊಂಡು ಒಂದು ಅಡಿಕೆ ಮರ ಹತ್ತಿದರೆ ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟುತ್ತಾನೆ, ಮತ್ತೊಂದಕ್ಕೆ ದಾಟುತ್ತಾನೆ. ಸೀಸನ್ನಿನ ಮೊದಲ ದಿನ ಕೊಯ್ದು ಹೋದವನು ಎರಡನೇ ದಿನ ಬರುವಾಗ ಹೆಜ್ಜೆ ನೋಡಿದರೇ ಗೊತ್ತಾಗುತ್ತದೆ, ಮೈಯೆಲ್ಲ ಹಿಡಿದುಕೊಂಡಿರುತ್ತದೆ. ರಾತ್ರಿ ಬಿಸಿನೀರು, ಎಣ್ಣೆ, ಮರುದಿನ ಮತ್ತೆ ಕೆಲಸ. ವಾರ ಕಳೆಯುವುದರೊಳಗೆ ನೋವಿನ ಸುದ್ದಿಯೇ ಇರುವುದಿಲ್ಲ, ಕೆಲಸ ಮಾತ್ರ ಅಷ್ಟೇ ಇರುತ್ತದೆ. ಯಾಕೆ ಹಾಗೆ ಅಂತ ನನಗೆ ಗೊತ್ತಿಲ್ಲ. ಆದರೆ ನಲವತ್ತು ವರ್ಷದಿಂದ ನೋಡುತ್ತಿದ್ದೇನೆ.

ನಾನಾದರೆ ಎಳ್ಳೆಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಬಚ್ಚಲಲ್ಲಿ ಹಂಡೆ ನೀರು ಹೊಯ್ದುಕೊಳ್ಳುತ್ತೇನೆ. ದೀಪಾವಳಿಗೆ ಒಂದೇ ದಿನ ಎಣ್ಣೆ ನೀರು ಅಂತ ಯಾರು ಹೇಳಿದ್ದು? ಒಂದು ಜಾಗ್ರತೆ: ಅಂಗಾಲಿಗೆ ಎಣ್ಣೆ ಇಟ್ಟುಕೊಂಡು ಬಚ್ಚಲ ಕಲ್ಲಿನ ಮೇಲೆ ನಡೆಯಬೇಡ. ನನ್ನ ಸೊಂಟ ಮುರಿದದ್ದು ಗುಡ್ಡದಲ್ಲಿ ಅಲ್ಲ, ಬಚ್ಚಲಲ್ಲಿ.


ಕುಮಟಾ_ಫಿಸಿಯೋ | ಬುಧವಾರ ಬೆಳಿಗ್ಗೆ

ಫಿಸಿಯೋಥೆರಪಿಸ್ಟ್ ಆಗಿ ಹನ್ನೊಂದು ವರ್ಷವಾಯಿತು, ನಿಮ್ಮ ಹಾಗೆ ಹಿಂದುಮುಂದಾಗಿ ಮೆಟ್ಟಿಲು ಇಳಿದು ಬರುವವರನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ನೋಡುತ್ತೇನೆ. ಟ್ರೆಕ್ಕಿಂಗ್ ಶುರುವಾಗುವ ಸಮಯ ನೋಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಆ ಲ್ಯಾಕ್ಟಿಕ್ ಆಸಿಡ್ ಕಥೆ. ಜೋರಾಗಿ ಓಡಿದಾಗ ರಕ್ತದಲ್ಲಿ ಲ್ಯಾಕ್ಟೇಟ್ (ಜನ ಲ್ಯಾಕ್ಟಿಕ್ ಆಸಿಡ್ ಅನ್ನುವುದು ಇದಕ್ಕೇ) ಏರುವುದು ನಿಜ. ಆದರೆ ನೀವು ನಿಂತ ಮೇಲೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಹೃದಯ, ಲಿವರ್, ಬೇರೆ ಸ್ನಾಯುಗಳು ಅದನ್ನು ಇಂಧನವಾಗಿ ಬಳಸಿಕೊಂಡುಬಿಡುತ್ತವೆ. ಭಾನುವಾರ ನೀವು ಸೋಡಾ ಕುಡಿದು ಮನೆ ಮುಟ್ಟುವ ಹೊತ್ತಿಗೆ ಅದು ಖಾಲಿ. ಮಂಗಳವಾರದ ನೋವಿಗೆ ಅದರ ಮೇಲೆ ಗೂಬೆ ಕೂರಿಸಿದರೆ ಹೇಗೆ? ಇನ್ನೊಂದು ತಮಾಷೆ ಕೇಳಿ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದು 2010ರಲ್ಲಿ ಪ್ರಕಟಿಸಿದರು. ಕಷ್ಟದ ವ್ಯಾಯಾಮ ಆದ ಕೂಡಲೇ ಮಸಾಜ್ ಮಾಡಿದರೆ ಲ್ಯಾಕ್ಟೇಟ್ ಬೇಗ ಹೋಗುವುದಿಲ್ಲ, ಒತ್ತಿದಾಗೆಲ್ಲ ರಕ್ತದ ಹರಿವಿಗೆ ತಡೆಯಾಗಿ ಇನ್ನೂ ನಿಧಾನವಾಯಿತು ಅಂತ ಬಂತು. ಹಿಂಡಿ ತೆಗೆಯಲು ಕಾಲೇನು ಒದ್ದೆ ಪಂಚೆಯಾ.

ಹಾಗಾದರೆ ನೋವು ಎಲ್ಲಿಂದ? ದೇವಿಮನೆ ಘಟ್ಟ ಇಳಿಯುವ ಲಾರಿ ನೋಡಿದ್ದೀರಲ್ಲ, ಇಂಜಿನ್‌ಗೆ ಕೆಲಸ ಕಮ್ಮಿ, ಬ್ರೇಕ್ ಕಾದು ಹೊಗೆ ವಾಸನೆ ಬರುತ್ತದೆ. ನಿಮ್ಮ ತೊಡೆಯ ಮುಂದಿನ ಸ್ನಾಯು ಭಾನುವಾರ ಮಾಡಿದ್ದು ಆ ಬ್ರೇಕಿನ ಕೆಲಸ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮಂಡಿ ಮಡಚಿಕೊಳ್ಳುತ್ತದೆ, ಪೂರ್ತಿ ಕುಸಿಯದ ಹಾಗೆ ತೊಡೆ ಹಿಡಿದುಕೊಳ್ಳಬೇಕು. ಅಂದರೆ ಸ್ನಾಯು ಬಿಗಿ ಹಿಡಿದಿರುವಾಗಲೇ ಎಳೆದು ಉದ್ದವಾಗುತ್ತಾ ಹೋಗುತ್ತದೆ. ಈ ಥರದ ಕೆಲಸ ರೂಢಿ ಇಲ್ಲದವರಿಗೆ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹಾನಿ ಆಗುತ್ತದೆ, ಆಮೇಲೆ ರಿಪೇರಿ ಕೆಲಸಕ್ಕೆ ಅಂತ ಒಳಗೆ ಉರಿಯೂತ ಶುರುವಾಗುತ್ತದೆ. ಅದು ನಿಧಾನದ ಕೆಲಸ. ಅದಕ್ಕೇ ಅದೇ ದಿನ ಗೊತ್ತಾಗುವುದಿಲ್ಲ. 24ರಿಂದ 72 ಗಂಟೆಯೊಳಗೆ ನೋವು ತುದಿ ಮುಟ್ಟಿ ಆಮೇಲೆ ತಾನಾಗಿಯೇ ಇಳಿಯುತ್ತದೆ. ನಾವು ಇದಕ್ಕೆ ಡಾಮ್ಸ್, ಅಂದರೆ ತಡವಾಗಿ ಬರುವ ಸ್ನಾಯು ನೋವು, ಅನ್ನುತ್ತೇವೆ. ಬೀಚಿನ ಸಪಾಟು ಮರಳಲ್ಲಿ ಎಷ್ಟು ಓಡಿದರೂ ಈ ಬ್ರೇಕ್ ಕೆಲಸ ನಿಮ್ಮ ತೊಡೆಗೆ ಅಷ್ಟಾಗಿ ಸಿಕ್ಕಿರಲಿಲ್ಲ.

ಶಿರಸಿ ಅಣ್ಣ ಹೇಳಿದ ಕೊನೆಗೌಡನ ಕಥೆ ಇದೆಯಲ್ಲ, ಅದು ಪಾಠ ಮಾಡುವಾಗ ನಾನು ಕದ್ದು ಬಳಸಿಕೊಳ್ಳುತ್ತೇನೆ. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ಅದೇ ಕೆಲಸ ಎರಡನೇ ಸಲ ಬಂದಾಗ ತುಂಬಾ ಕಡಿಮೆ ನೋಯುತ್ತದೆ. ಈ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಕೊಯ್ಲು ಮುಗಿದು ತಿಂಗಳುಗಟ್ಟಲೆ ಮರ ಹತ್ತದೆ ಇದ್ದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಈಗ ಮಸಾಜ್. ಉಪಯೋಗ ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ 29 ಅಧ್ಯಯನಗಳನ್ನು, ಒಟ್ಟು 1012 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಮಸಾಜ್‌ನಿಂದ ಬಲ, ಜಿಗಿತ, ಓಟದ ವೇಗ, ದಮ್ಮು ಯಾವುದೂ ಹೆಚ್ಚಾಗಲಿಲ್ಲ. ಆದರೆ ಮೈ ಬಾಗುವುದು ಸ್ವಲ್ಪ ಸುಧಾರಿಸಿತು, ಈ ತಡವಾಗಿ ಬರುವ ನೋವು ಸ್ವಲ್ಪ ಕಡಿಮೆಯಾಯಿತು. ಎರಡೂ ಕಡೆ 'ಸ್ವಲ್ಪ' ಅನ್ನುವ ಪದ ಗಮನಿಸಿ. ನಿಮಗೆ ಈಗ ಬೇಕಾಗಿರುವುದೂ ಅದೇ ತಾನೇ, ಸಂಡಾಸಿನಿಂದ ಎದ್ದು ಬರುವಷ್ಟು ನೋವು ಕಮ್ಮಿಯಾದರೆ ಸಾಕು.

ಇನ್ನೊಂದು ಕಡೆ, 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 11 ಹುಡುಗರಿಗೆ ಸುಸ್ತಾಗುವವರೆಗೆ ಸೈಕಲ್ ತುಳಿಸಿ ಒಂದೇ ಕಾಲಿಗೆ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಯಿಂದ ಚೂರು ಸ್ನಾಯು ತೆಗೆದು ನೋಡಿದರು. ಮಸಾಜ್ ಆದ ಕಾಲಲ್ಲಿ ಉರಿಯೂತದ ಸಂಕೇತಗಳು ಕಡಿಮೆ ಇದ್ದವು, ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೋಕಾಂಡ್ರಿಯ ಹುಟ್ಟಲು ಬೇಕಾದ ಸಂಕೇತ ಜಾಸ್ತಿ ಇತ್ತು. ಲ್ಯಾಕ್ಟೇಟ್ ಮಾತ್ರ ಎರಡೂ ಕಾಲಲ್ಲಿ ಒಂದೇ. 11 ಜನರ ಮೇಲೆ ಊರು ಕಟ್ಟಲು ಆಗುವುದಿಲ್ಲ, ಆದರೂ ಒಳಗೆ ಏನೋ ನಡೆಯುತ್ತದೆ ಅನ್ನುವುದಕ್ಕೆ ಒಂದು ಸುಳಿವು.

1500 ಕೊಡಬೇಕಾ? ಅಡ್ಡಿ ಇಲ್ಲ, ಮನಸ್ಸಿದ್ದರೆ ಕೊಡಿ. ಬೇಕೇ ಬೇಕು ಅಂತೇನಿಲ್ಲ. ಆಯಿಯ ಎಣ್ಣೆಯಲ್ಲೇ ಈ ಕೆಲಸ ಮುಗಿಯುತ್ತದೆ. ಹದವಾಗಿ ಬೆಚ್ಚಗೆ ಇರಲಿ, ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಹಾಕಿ ನೋಡಿ. ಮಂಡಿಯಿಂದ ಸೊಂಟದ ಕಡೆಗೆ, ಹಿಮ್ಮಡಿಯಿಂದ ಮಂಡಿಯ ಕಡೆಗೆ, ಅಂಗೈ ಪೂರ್ತಿ ಊರಿ ನಿಧಾನವಾಗಿ ನೀವಬೇಕು. ಒಂದೊಂದು ಕಾಲಿಗೆ ಹತ್ತು ನಿಮಿಷ ಸಾಕು. ಹತ್ತಕ್ಕೆ ನಾಲ್ಕರಷ್ಟು ನೋವಾದರೆ ಪರವಾಗಿಲ್ಲ, ಹಲ್ಲು ಕಚ್ಚುವಷ್ಟು ಒತ್ತಿಸಿಕೊಂಡರೆ ಈಗಾಗಲೇ ಗಾಯವಾದ ಎಳೆಗಳ ಮೇಲೆ ಮತ್ತೆ ಪೆಟ್ಟು ಕೊಟ್ಟ ಹಾಗೆ. ಮಂಡಿಯ ಹಿಂದಿನ ಗುಳಿಯಲ್ಲಿ ಹೆಬ್ಬೆರಳು ಇಟ್ಟು ಒತ್ತುವುದು ಬೇಡ, ಅಲ್ಲಿ ರಕ್ತನಾಳ ಮತ್ತು ನರಗಳು ಮೇಲೇ ಇರುತ್ತವೆ.

ಬ್ರೂಫೆನ್ ಬಗ್ಗೆ: ಬೆವರು ಸುರಿಸಿ ನೀರು ಕಡಿಮೆಯಾದ ಮೈಗೆ ಆ ಜಾತಿಯ ಮಾತ್ರೆ ಕಿಡ್ನಿಗೆ ಹೊರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಓಡಿದ ದಿನ ಅಂತೂ ನುಂಗಲೇಬೇಡಿ.

ಇದಿಷ್ಟೂ ಮಾಮೂಲಿ ನೋವಿನ ಮಾತು. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ಬಂದರೆ, ತೊಡೆ ಊದಿಕೊಂಡು ಕಾಲಿನಲ್ಲಿ ಶಕ್ತಿಯೇ ಇಲ್ಲ ಅನಿಸಿದರೆ, ಎಣ್ಣೆ ಗಿಣ್ಣೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ಜಾಸ್ತಿ ಒಡೆದು ಅದರೊಳಗಿನದು ರಕ್ತಕ್ಕೆ ಸೇರಿ ಕಿಡ್ನಿಗೆ ತೊಂದರೆ ಮಾಡುತ್ತದೆ. ಹಾಗೆಯೇ ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಯಾರ ಕೈಗೂ ತಿಕ್ಕಲು ಕೊಡಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು.


ಘಟ್ಟದ_ಸೈಕಲ್ | ಬುಧವಾರ ಮಧ್ಯಾಹ್ನ

ಮೇಡಂ, ಒಂದು ಸಂಶಯ. ನಾನು ಕುಮಟಾದಿಂದ ಶಿರಸಿಗೆ ಸೈಕಲ್‌ನಲ್ಲಿ ತುಂಬಾ ಸಲ ಹೋಗಿದ್ದೇನೆ, ದೇವಿಮನೆ ಘಟ್ಟ ಹತ್ತುವಾಗ ತೊಡೆ ಉರಿದು ಬೆಂಕಿಯಾಗುತ್ತದೆ, ನಿಂತು ಅಳುವಷ್ಟು. ಆದರೆ ಮರುದಿನ ಎದ್ದರೆ ಏನೂ ಇಲ್ಲ, ಸ್ವಲ್ಪ ಭಾರ ಅಷ್ಟೇ. ಮೊನ್ನೆ ಮನೆಯವರ ಜೊತೆ ಯಾಣಕ್ಕೆ ಹೋಗಿ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಎರಡು ದಿನ ಕುಂಟಿದೆ. ನಾನಂದರೆ ಸೈಕಲ್ ತುಳಿಯುವವ, ನನಗಿಂತ ನನ್ನ ಅತ್ತೆ ಚೆನ್ನಾಗಿ ನಡೆಯುತ್ತಿದ್ದರು. ಮರ್ಯಾದೆ ಪ್ರಶ್ನೆ.


ಕುಮಟಾ_ಫಿಸಿಯೋ | ಬುಧವಾರ ಮಧ್ಯಾಹ್ನ

ಪೆಡಲ್ ಒತ್ತುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ, ಬ್ರೇಕ್ ಹಿಡಿಯುವ ಕೆಲಸ ಸೈಕಲ್‌ನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಘಟ್ಟ ಇಳಿಯುವಾಗಲೂ ಬ್ರೇಕ್ ಹಿಡಿಯುವುದು ರಬ್ಬರು, ನಿಮ್ಮ ತೊಡೆಯಲ್ಲ. ಉರಿಯುವುದು ಬೇರೆ, ಮರುದಿನ ನೋಯುವುದು ಬೇರೆ. ಅತ್ತೆಯವರು ದಿನಾ ಮನೆಯ ಮೆಟ್ಟಿಲು, ತೋಟದ ದರೆ ಇಳಿದು ಹತ್ತುವವರು ಇರಬೇಕು, ಅಲ್ವಾ?


ಘಟ್ಟದ_ಸೈಕಲ್ | ಬುಧವಾರ ಮಧ್ಯಾಹ್ನ

ಹೌದು ಮಾರಾಯ್ರೆ. ದಿನಕ್ಕೆ ನಾಲ್ಕು ಸಲ ಕೆಳಗಿನ ತೋಟಕ್ಕೆ ಇಳಿಯುತ್ತಾರೆ.


ಎಣ್ಣೆಕೈ_ಗೋಕರ್ಣ | ಬುಧವಾರ ರಾತ್ರಿ

ನನ್ನ ಹೊಟ್ಟೆಪಾಡೇ ಮಸಾಜ್, ಹಾಗಾಗಿ ನಾನು ಮಾತಾಡಿದರೆ ಅಂಗಡಿ ಪ್ರಚಾರ ಅಂದುಕೊಳ್ಳಬೇಡಿ. ಅಂಗಡಿ ಹೆಸರು ಹೇಳುವುದಿಲ್ಲ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕುಡ್ಲೆಯಿಂದ ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್ ಅಂತ ಬಂಡೆ ಹತ್ತಿ ಇಳಿದು ಬಂದವರು ಸಂಜೆ ನಮ್ಮ ಬಾಗಿಲಿಗೆ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಜೋರಾಗಿ ಒತ್ತಿ, ಇನ್ನೂ ಜೋರಾಗಿ. ದುಡ್ಡು ಕೊಟ್ಟದ್ದು ವಸೂಲಾಗಬೇಕಲ್ಲ. ಮೊಣಕೈ ಇಟ್ಟು ಒತ್ತಿದರೆ ಮಾತ್ರ ಕೆಲಸವಾಯಿತು ಅಂತ ಸಮಾಧಾನ ಅವರಿಗೆ. ಮೊದಮೊದಲು ನಾನೂ ಒತ್ತುತ್ತಿದ್ದೆ. ಮರುದಿನ ಬಂದು ಅಣ್ಣಾ ಇನ್ನೂ ಜಾಸ್ತಿ ನೋಯುತ್ತಿದೆ ಅಂದವರನ್ನು ನೋಡಿ ನೋಡಿ ಬಿಟ್ಟೆ.

ಕೈಗೆ ಗೊತ್ತಾಗುವುದು ಏನು ಅಂತ ಹೇಳುತ್ತೇನೆ. ಓಡಿ ಬಂದವರ ತೊಡೆ ಮುಟ್ಟಿದರೆ ಅವರಿಗೆ ಅರಿವಿಲ್ಲದೆ ಬಿಗಿ ಹಿಡಿದಿರುತ್ತಾರೆ, ನೋವಾಗುತ್ತದೆ ಅನ್ನುವ ಹೆದರಿಕೆಯಲ್ಲಿ. ಮೊದಲ ಐದು ನಿಮಿಷ ನಾನು ಏನೂ ಮಾಡುವುದಿಲ್ಲ, ಎಣ್ಣೆ ಹಚ್ಚಿ ಸುಮ್ನೆ ಕೈ ಆಡಿಸುತ್ತೇನೆ. ಉಸಿರು ಉದ್ದವಾಗುತ್ತದೆ, ಆಮೇಲೆ ಕಾಲು ಚಾಪೆಯ ಮೇಲೆ ಭಾರ ಬಿಡುತ್ತದೆ. ಅಲ್ಲಿಂದ ಮುಂದೆ ಮಾಡಿದ್ದು ಮಾತ್ರ ಮಸಾಜ್. ಅದಕ್ಕಿಂತ ಮೊದಲು ಒತ್ತಿದ್ದು ಕುಸ್ತಿ.

ಎಣ್ಣೆ ಯಾವುದು ಅಂತ ಕೇಳುವವರಿಗೆ: ಕೈ ಜಾರಬೇಕು, ಅಷ್ಟೇ. ಸೆಕೆಗಾಲದಲ್ಲಿ ಕೊಬ್ಬರಿ ಎಣ್ಣೆ ಹಗುರ, ಚಳಿಯಲ್ಲಿ ಎಳ್ಳೆಣ್ಣೆ ಹಿತ. ಪೇಟೆಯಲ್ಲಿ ಮಹಾನಾರಾಯಣ ತೈಲ ಸಿಗುತ್ತದೆ, ವಾಸನೆಗೇ ಅರ್ಧ ನೋವು ಹೋದ ಹಾಗೆ ಅನಿಸುತ್ತದೆ ನನಗೆ. ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಚೆನ್ನ, ತೊಡೆಗೆ ತಿಕ್ಕಲು ಗಟ್ಟಿ. ಬಾಮ್ ಹಚ್ಚುವವರು ಒಂದು ನೆನಪಿಡಿ, ಅದನ್ನು ಹಚ್ಚಿ ಅದರ ಮೇಲೆ ಬಿಸಿನೀರ ಚೀಲ ಇಡಬೇಡಿ, ಬಟ್ಟೆ ಬಿಗಿದು ಕಟ್ಟಬೇಡಿ. ಹೀಗೆ ಚರ್ಮ ಸುಟ್ಟುಕೊಂಡು ಬಂದವರನ್ನು ಇಬ್ಬರನ್ನು ಕಂಡಿದ್ದೇನೆ.

ಮತ್ತೊಂದು. ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ಬಿಸಿ ಎಣ್ಣೆ ಹಚ್ಚುವ ಮೊದಲು ಹತ್ತು ಸಲ ಯೋಚಿಸಿ. ಬಿಸಿ ತಾಗಿದ್ದೇ ಅವರಿಗೆ ಗೊತ್ತಾಗದೆ ಇರಬಹುದು.


ಲೆಕ್ಕದ_ಮನುಷ್ಯ | ಬುಧವಾರ ರಾತ್ರಿ

ಎಲ್ಲ ಓದಿದೆ. ನನ್ನ ಲೆಕ್ಕ ಸರಳ. ಮಸಾಜ್ ಮಾಡಿಸಿದರೆ ನಾಲ್ಕು ದಿನಕ್ಕೆ ವಾಸಿ, ಮಾಡಿಸದಿದ್ದರೂ ನಾಲ್ಕು ದಿನಕ್ಕೆ ವಾಸಿ. ಬಲ ಹೆಚ್ಚಾಗುವುದಿಲ್ಲ ಅಂತ ಮೇಡಂ ಅವರೇ ಹೇಳಿದ್ದಾರೆ. ಹಿತ ಅನಿಸುವುದೆಲ್ಲ ಮನಸ್ಸಿನ ಆಟ. 1500 ರೂಪಾಯಿಗೆ ಎಷ್ಟು ಕೇಜಿ ಬಂಗಡೆ ಬರುತ್ತದೆ ಯೋಚಿಸಿ, ಪ್ರೊಟೀನ್ ಆದರೂ ಸಿಗುತ್ತದೆ.


ಎಣ್ಣೆಕೈ_ಗೋಕರ್ಣ | ಬುಧವಾರ ರಾತ್ರಿ

ನೋವು ಕಮ್ಮಿಯಾಯಿತು ಅಂತ ಅನಿಸುವುದೇ ನೋವು ಕಮ್ಮಿಯಾಗುವುದು ಅಣ್ಣಾ. ಅದನ್ನು ಅಳೆಯಲು ಬೇರೆ ತಕ್ಕಡಿ ಯಾರ ಹತ್ತಿರ ಇದೆ? ನಿಮಗೆ ಹಲ್ಲು ನೋವು ಬಂದಾಗ ಇದನ್ನೇ ಹೇಳುತ್ತೇನೆ.


ಕುಮಟಾ_ಫಿಸಿಯೋ | ಬುಧವಾರ ರಾತ್ರಿ

ಲೆಕ್ಕದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನೋವು ತಾನಾಗಿಯೇ ಹೋಗುವಂಥದ್ದು, ಹಾಗಾಗಿ ಯಾವ ಮದ್ದು ಮಾಡಿದರೂ ಅದಕ್ಕೇ ಹೆಸರು ಬರುತ್ತದೆ. ಬಂಗಡೆ ವಿಷಯಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಮನಸ್ಸಿನ ಆಟ ಅಂತ ತಳ್ಳಿಹಾಕುವುದು ಸರಿಯಲ್ಲ. ಚರ್ಮವನ್ನು ಮುಟ್ಟಿದ್ದು, ನೀವಿದ್ದು ನರಗಳ ಮೂಲಕ ಹೋಗಿ ನೋವಿನ ಸುದ್ದಿಯನ್ನು ಸ್ವಲ್ಪ ತಗ್ಗಿಸುತ್ತದೆ. ಮಂಡಿಗೆ ಮೇಜಿನ ಮೂಲೆ ಬಡಿದ ತಕ್ಷಣ ನಾವು ಕೈಯಿಂದ ಉಜ್ಜಿಕೊಳ್ಳುತ್ತೇವಲ್ಲ, ಯಾರಾದರೂ ಕಲಿಸಿದ್ದಾ?


ಕಬಡ್ಡಿ_ಹೊನ್ನಾವರ | ಗುರುವಾರ ಬೆಳಿಗ್ಗೆ

ಇಲ್ಲಿ ಯಾರೂ ಹೇಳದ ಒಂದು ವಿಷಯ ನಾನು ಹೇಳಲೇಬೇಕು, ನನ್ನ ತೊಡೆಯಲ್ಲೇ ಆದದ್ದು.

ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ. ಒಂದು ಪಂದ್ಯದಲ್ಲಿ ಎದುರಿನವಳ ಮಂಡಿ ಬಂದು ನನ್ನ ತೊಡೆಗೆ ಸರಿಯಾಗಿ ಬಡಿಯಿತು. ಊದಿಕೊಂಡು ಒಳಗೆಲ್ಲ ನೀಲಿ. ನಮ್ಮ ಊರಿನ ಹತ್ತಿರ ಉಳುಕು ತೆಗೆಯುವವರೊಬ್ಬರ ಹತ್ತಿರ ಮನೆಯವರು ಕರೆದುಕೊಂಡು ಹೋದರು. ಅವರು ಕಟ್ಟಿದ ರಕ್ತ ಕರಗಬೇಕು ಅಂತ ಎರಡನೇ ದಿನದಿಂದಲೇ ಎಣ್ಣೆ ಹಾಕಿ ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ತಿಕ್ಕಿದರು. ಐದು ದಿನ. ನಾನು ಬಾಯಿಗೆ ದುಪ್ಪಟ್ಟಾ ತುರುಕಿಕೊಂಡು ಕಿರುಚುವುದನ್ನು ತಡೆಯುತ್ತಿದ್ದೆ. ಊತ ಇಳಿಯಿತು, ಆದರೆ ಒಳಗೆ ಗಟ್ಟಿ ಗಂಟೊಂದು ಉಳಿಯಿತು, ಮಂಡಿ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಎಕ್ಸ್‌ರೇ ತೆಗೆಸಿದರೆ ಸ್ನಾಯುವಿನ ಒಳಗೆ ಮೂಳೆಯ ಹಾಗೆ ಸುಣ್ಣ ಕಟ್ಟಿದೆ ಅಂದರು. ಪೆಟ್ಟು ಬಿದ್ದ ತೊಡೆಯನ್ನು ಹಸಿಯಿರುವಾಗಲೇ ತಿಕ್ಕಿದರೆ ಹಾಗಾಗುವ ಸಾಧ್ಯತೆ ಜಾಸ್ತಿ ಅಂತೆ. ಮಂಡಿ ಮೊದಲಿನ ಹಾಗೆ ಮಡಚಲು ಏಳು ತಿಂಗಳು ಹಿಡಿಯಿತು, ಆ ವರ್ಷದ ಆಟ ಹೋಯಿತು.

ಅವರ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಲಾರೆ, ಇದೆ. ಅದೇ ಕೈ ನನ್ನ ಅಕ್ಕನ ಬಾಣಂತನದಲ್ಲಿ ಎಷ್ಟು ಚೆನ್ನಾಗಿ ಎಣ್ಣೆ ತಿಕ್ಕಿತ್ತು ಅನ್ನುವುದೂ ನೆನಪಿದೆ. ನನಗೆ ತಿಕ್ಕುವ ಮೊದಲು ಇದು ಹೇಗಾಯಿತು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಗುಡ್ಡ ಇಳಿದು ಬಂದ ನೋವು ಬೇರೆ, ಮಂಡಿ ಬಡಿದು ಬಂದ ನೋವು ಬೇರೆ, ಓಡುವಾಗ ಪಟ್ ಅಂತ ಹರಿದ ನೋವು ಬೇರೆ. ಕೊನೆಯ ಎರಡಕ್ಕೆ ಮೊದಲ ಎರಡು ಮೂರು ದಿನ ಯಾರ ಕೈಯೂ ತಾಗಬಾರದು.

ಕೋಡಿಬಾಗದವರೇ, ನಿಮಗೆ ಎರಡೂ ತೊಡೆ ಒಂದೇ ಸಮ ನೋಯುತ್ತಿದೆಯಾ, ಇಲ್ಲ ಒಂದೇ ಕಡೆ ಬೆರಳಿಟ್ಟು ತೋರಿಸುವ ಹಾಗೆ ಇದೆಯಾ?


ಕೋಡಿಬಾಗ_ಓಟ | ಗುರುವಾರ ರಾತ್ರಿ

ಎಲ್ಲರಿಗೂ ಉತ್ತರ ಕೊಡುತ್ತೇನೆ, ಎರಡು ದಿನ ಓದಿದೆ ಅಷ್ಟೇ, ಬರೆಯಲಾಗಲಿಲ್ಲ. ಹೊನ್ನಾವರದ ಅಕ್ಕಾ, ಎರಡೂ ತೊಡೆ ಒಂದೇ ಸಮ, ಮಂಡಿ ಮೇಲಿನಿಂದ ಸೊಂಟದವರೆಗೆ ಹರಡಿಕೊಂಡು. ಎಲ್ಲೂ ಬಡಿದಿಲ್ಲ, ಹರಿದ ಸದ್ದೂ ಇಲ್ಲ. ಮೇಡಂ, ಮೂತ್ರದ ಬಣ್ಣ ಸರಿಯಾಗಿಯೇ ಇದೆ. ನಿಮ್ಮ ಮಾತು ಓದಿ ನಡುರಾತ್ರಿ ಟಾರ್ಚ್ ಹಿಡಿದು ನೋಡಿದೆ.

ಬುಧವಾರ ರಾತ್ರಿ ಆಯಿಗೆ ಶರಣಾದೆ. ಅವಳು ಬಾಳಂತಿಗೆ ತಿಕ್ಕುವ ಜೋರಿನಲ್ಲಿ ಶುರು ಮಾಡಿದಳು, ಹತ್ತಕ್ಕೆ ನಾಲ್ಕು ಅಂತ ಮೇಡಂ ಹೇಳಿದ್ದಾರೆ ಅಂದೆ. ಯಾವ ಮೇಡಂ ಅಂತ ಕೇಳಿದಳು. ಆ ವಿಚಾರಣೆ ಮುಗಿಯಲು ಹತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಮಸಾಜ್ ಕೂಡ ಮುಗಿದಿತ್ತು. ಆ ರಾತ್ರಿ ಮಗ್ಗುಲು ಬದಲಿಸಲು ಎಚ್ಚರವಾಗಲಿಲ್ಲ, ಒಳ್ಳೆ ನಿದ್ದೆ. ಬೆಳಿಗ್ಗೆ ಎದ್ದಾಗ ನೋವು ಇತ್ತು, ಆದರೆ ಮುಖ ಮುಂದೆ ಮಾಡಿ ಮೆಟ್ಟಿಲು ಇಳಿದೆ. ಇವತ್ತು ಬೀಚಿನಲ್ಲಿ ನಿಧಾನ ನಡೆದೆ, ಸೊಂಟದ ಮಟ್ಟದ ನೀರಲ್ಲಿ ಕಾಲು ಗಂಟೆ ನಿಂತೆ. ನಮ್ಮ ಸಮುದ್ರ ಬೆಚ್ಚಗೆ ಇರುತ್ತದೆ, ಟಿವಿಯಲ್ಲಿ ಕ್ರಿಕೆಟ್ ಆಟಗಾರರು ಕೂರುವ ಐಸ್ ಬಕೆಟ್ ಥರ ಏನೂ ಅಲ್ಲ. ಆದರೂ ಕಾಲು ಹಗುರ ಅನಿಸಿತು. ನಡೆದದ್ದಕ್ಕೋ, ನೀರಿಗೋ, ಎಣ್ಣೆಗೋ, ನಾಲ್ಕನೇ ದಿನ ಅನ್ನುವುದಕ್ಕೋ ಗೊತ್ತಿಲ್ಲ. ಲೆಕ್ಕದವರು ಈಗ ಏನು ಹೇಳುತ್ತೀರಿ ಅಂತ ನನಗೆ ಗೊತ್ತು.

ಫೋಮ್ ರೋಲರ್ (ಸ್ನಾಯುವಿನ ಮೇಲೆ ಉರುಳಿಸಿಕೊಳ್ಳುವ ಗಟ್ಟಿ ಸ್ಪಂಜಿನ ಉರುಳೆ) ತಗೊಳ್ಳಲಾ ಅಂತ ಯೋಚಿಸುತ್ತಿದ್ದೇನೆ, ಆಯಿಗೆ ದಿನಾ ತೊಂದರೆ ಕೊಡುವುದು ಬೇಡ ಅಂತ. ಅದು ಕೆಲಸ ಮಾಡುತ್ತದಾ? ಮುಂದಿನ ಭಾನುವಾರ ಗುಡ್ಡಳ್ಳಿ ಮತ್ತೆ ಇದೆ, ಹೋಗಲಾ ಬೇಡವಾ?


ಕುಮಟಾ_ಫಿಸಿಯೋ | ಗುರುವಾರ ರಾತ್ರಿ

ರೋಲರ್ ಕೂಡ ಅಷ್ಟೇ, ನೋವು ಸ್ವಲ್ಪ ಕಮ್ಮಿ ಅನಿಸುತ್ತದೆ, ಮೈ ಸ್ವಲ್ಪ ಸಡಿಲವಾಗುತ್ತದೆ. ಒಳ್ಳೆಯದು ಏನೆಂದರೆ ಒತ್ತಡ ನಿಮ್ಮ ಕೈಯಲ್ಲೇ ಇರುತ್ತದೆ. ದುಬಾರಿಯದು ಬೇಡ, ನಡುಗುವ ಬ್ಯಾಟರಿಯದು ಅಂತೂ ಬೇಡವೇ ಬೇಡ. ತೊಡೆ ಒಂದಕ್ಕೆ ಎರಡು ನಿಮಿಷ ನಿಧಾನ ಉರುಳಿಸಿ, ಮೂಳೆಯ ಮೇಲೆ, ಮಂಡಿ ಚಿಪ್ಪಿನ ಮೇಲೆ ಬೇಡ.

ಗುಡ್ಡಳ್ಳಿಗೆ ಹೋಗಿ. ನೋವು ಪೂರ್ತಿ ಹೋಗಿದ್ದರೆ ಮಾತ್ರ. ಇಳಿಯುವಾಗ ಓಡುವುದು ಕೊನೆಯ ಸ್ವಲ್ಪ ದೂರ ಅಷ್ಟೇ, ಉಳಿದದ್ದು ನಡಿಗೆ. ಹೆಜ್ಜೆ ಗಿಡ್ಡ ಇಡಿ, ಮಂಡಿ ಸೆಟೆದು ಇಳಿಯಬೇಡಿ. ಅದರ ಮುಂದಿನ ವಾರ ಇನ್ನಷ್ಟು ದೂರ. ನಿಮ್ಮ ತೊಡೆಗೆ ಮಸಾಜ್‌ಗಿಂತ ದೊಡ್ಡ ಮದ್ದು ಅದು.


ತೋಟದಮನೆ_ಶಿರಸಿ | ಶುಕ್ರವಾರ ಬೆಳಿಗ್ಗೆ

ರೋಲರ್‌ಗೆ ದುಡ್ಡು ಯಾಕೆ ತಮ್ಮಾ, ಮನೆಯಲ್ಲಿ ಚಪಾತಿ ಲಟ್ಟಣಿಗೆ ಇಲ್ಲವಾ? ಬಟ್ಟೆ ಸುತ್ತಿ ಉರುಳಿಸಿಕೋ.


ಕೋಡಿಬಾಗ_ಓಟ | ಶುಕ್ರವಾರ ರಾತ್ರಿ

ಉರುಳಿಸಿದೆ ಅಣ್ಣಾ. ಬಟ್ಟೆ ಸುತ್ತುವುದು ಮರೆತೆ. ಇವತ್ತು ನಮ್ಮ ಮನೆಯ ಚಪಾತಿ ಎಲ್ಲ ಮಹಾನಾರಾಯಣ ತೈಲದ ವಾಸನೆ, ಆಯಿ ಮಾತು ಬಿಟ್ಟಿದ್ದಾಳೆ. ರೋಲರ್ ಆರ್ಡರ್ ಮಾಡಿದ್ದೇನೆ, ಹೊಸ ಲಟ್ಟಣಿಗೆ ಕೂಡ.